ಅಂಗಳದ ಸಂಗೀತಕ್ಕೆ ಲಿಖಿತ ನಿಯಮ ಬೇಕು

ಗೋವಾ ಗಡಿಗೆ ಹೊಂದಿಕೊಂಡ ಮಾಜಾಳಿಯಲ್ಲಿ ಮದ್ಯದ ಸನ್ನದು ಪಡೆದು ವ್ಯಾಪಾರ ನಡೆಸುವವರ ಸ್ಥಿತಿ ಒಳನಾಡಿನ ವರ್ತಕರ ಸ್ಥಿತಿಗಿಂತ ಭಿನ್ನವಾದುದು. ರಾಷ್ಟ್ರೀಯ ಹೆದ್ದಾರಿ 66ರ ಚೆಕ್‌ಪೋಸ್ಟ್ ದಾಟಿದೊಡನೆ ಪೋಳೆಂ. ಅಲ್ಲಿ ಮದ್ಯದ ದರ ಕಡಿಮೆ. ಬೆಲೆಯಲ್ಲಿ ಸ್ಪರ್ಧಿಸಲಾಗದ ಈ ಬದಿಯ ವರ್ತಕನಿಗೆ ಉಳಿಯುವುದು ಮೀನೂಟದ ರುಚಿ, ಕಡಲ ಗಾಳಿ ಮತ್ತು ಅಂಗಳದಲ್ಲಿ ಸಂಜೆಯ ಸಂಗೀತ. ಈ ಮೂರನೆಯದಕ್ಕೆ ಅನುಮತಿ ನೀಡಬೇಕಾದವರು ಯಾರು ಎಂಬ ಪ್ರಶ್ನೆಗೆ ಉತ್ತರ ಒಂದೇ ಕಚೇರಿಯಲ್ಲಿ ದೊರೆಯುವುದಿಲ್ಲ.

ಸಿ.ಎಲ್.-9 ಆಗಲಿ, ಸಿ.ಎಲ್.-7 ಆಗಲಿ, ಅಬಕಾರಿ ಸನ್ನದು ಅನ್ವಯಿಸುವುದು ಮದ್ಯ ಮಾರಾಟಕ್ಕೆ ಮಾತ್ರ. ಅದೂ ಸನ್ನದಿನಲ್ಲಿ ಗುರುತಿಸಿದ ಆವರಣದೊಳಗೆ. ಪಕ್ಕದ ತೆಂಗಿನ ತೋಟದಲ್ಲಿ ನಾಲ್ಕು ಮೇಜು ಹಾಕಿ ಮದ್ಯ ಬಡಿಸಿದರೆ, ಸಂಗೀತವಿರಲಿ ಬಿಡಲಿ, ತೊಡಕು ತಪ್ಪಿದ್ದಲ್ಲ. ವ್ಯಾಪಾರ ಪರವಾನಗಿ ಗ್ರಾಮ ಪಂಚಾಯಿತಿಯದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಕೊಡಬೇಕಾದುದು ಶಬ್ದಮಾಲಿನ್ಯ ನಿಯಮಗಳು, 2000ರಡಿ ನಿಯುಕ್ತವಾದ ಪ್ರಾಧಿಕಾರ, ಅಂದರೆ ಜಿಲ್ಲಾ ದಂಡಾಧಿಕಾರಿ ಇಲ್ಲವೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಒಂದು ಗಿಟಾರು, ಎರಡು ಸ್ಪೀಕರುಗಳಿಗೆ ಮೂರು ಕಚೇರಿಗಳ ಮೆಟ್ಟಿಲು!

ರಾತ್ರಿ 10ರ ಗಡುವು ಸ್ಥಳೀಯ ಅಧಿಕಾರಿಯ ಮರ್ಜಿಯಲ್ಲವೆಂಬುದನ್ನು ವರ್ತಕರು ಒಪ್ಪಲೇಬೇಕು. 2000ರ ನಿಯಮಗಳಲ್ಲಿರುವ ಈ ನಿರ್ಬಂಧಕ್ಕೆ 2005ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಬಲ ನೀಡಿತು. ಆದರೆ 10 ಗಂಟೆಯವರೆಗೆ ಎಷ್ಟು ಜೋರಾದರೂ ನಡೆಯುತ್ತದೆ ಎಂಬ ಭಾವನೆ ನಮ್ಮ ಉದ್ದಿಮೆಯಲ್ಲಿ ಬೇರೂರಿದೆ; ಅದು ತಪ್ಪು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65. ಖಾಸಗಿ ಸ್ಥಳದ ಗಡಿಯಲ್ಲಿ ಇದಕ್ಕಿಂತ ಹೆಚ್ಚೆಂದರೆ 5 ಡೆಸಿಬಲ್ ಮೀರಬಹುದು. ವಸತಿ ಪ್ರದೇಶವಾದರೆ ಬೇಲಿಯ ಬಳಿ 60. ಸರಿಸುಮಾರು ಇಬ್ಬರು ಎದುರುಬದುರು ಕುಳಿತು ಮಾತನಾಡುವಷ್ಟು ಸದ್ದು. ಬೆಳಗಿನ ಜಾವಕ್ಕೆ ದೋಣಿ ಇಳಿಸುವ ಮೀನುಗಾರರ ಮನೆಗಳು ಬೇಲಿಯಾಚೆಗೇ ಇರುವ ಊರಿನಲ್ಲಿ ಈ ಮಿತಿ ಅತಿಯಾದುದೆನ್ನಲಾಗದು.

ಹಾಗಾದರೆ ಕಡಲಂಚಿನ ಈ ಊರು ವಸತಿ ಪ್ರದೇಶವೋ, ವಾಣಿಜ್ಯ ಪ್ರದೇಶವೋ? ಪ್ರದೇಶಗಳನ್ನು ವರ್ಗೀಕರಿಸುವ ಹೊಣೆಯನ್ನು ಅದೇ ನಿಯಮಗಳು ರಾಜ್ಯ ಸರ್ಕಾರಕ್ಕೆ ವಹಿಸಿವೆ. ಮನೆ, ಹೋಟೆಲು, ಅಂಗಡಿ ಬೆರೆತಿರುವ ಕಡೆ ಈ ವರ್ಗೀಕರಣ ಸರ್ವೆ ನಂಬರುವಾರು ತಿಳಿಯದಿದ್ದರೆ 10 ಡೆಸಿಬಲ್‌ಗಳ ವ್ಯತ್ಯಾಸ ಗಸ್ತಿನ ಪೊಲೀಸರ ಕಿವಿಗೆ ಬಿಟ್ಟ ವಿಷಯವಾಗುತ್ತದೆ. ಮೌಖಿಕ ಸೂಚನೆಯನ್ನು ನಂಬಿ ಬಂಡವಾಳ ಹೂಡುವುದು ಯಾವ ವರ್ತಕನಿಗೂ ಸಾಧ್ಯವಿಲ್ಲ.

ಬೆಂಗಳೂರಿನ ನಿದರ್ಶನ ಇಲ್ಲಿ ಉಪಯುಕ್ತ. ಲೈವ್ ಬ್ಯಾಂಡ್, ಡಿಸ್ಕೊತೆಕ್‌ಗಳ ಮೇಲೆ 2005ರಲ್ಲಿ ಅಲ್ಲಿ ಹೊರಬಿದ್ದ ಲೈಸೆನ್ಸ್ ಆದೇಶವನ್ನು ಹೋಟೆಲ್ ಮಾಲೀಕರು ಸರ್ವೋಚ್ಚ ನ್ಯಾಯಾಲಯದವರೆಗೂ ಪ್ರಶ್ನಿಸಿದರು. 2018ರ ಜನವರಿಯಲ್ಲಿ ಸೋತರು. ಆದರೂ ಆ ಆದೇಶ ಲಿಖಿತವಾಗಿತ್ತು, ಷರತ್ತುಗಳು ಕಣ್ಣಿಗೆ ಕಾಣುತ್ತಿದ್ದವು, ಪ್ರಶ್ನಿಸಲೂ ಅವಕಾಶವಿತ್ತು. ಅದಕ್ಕೆ ಆಧಾರವಾದ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 31ನೆಯ ಪ್ರಕರಣ ಜಿಲ್ಲಾ ದಂಡಾಧಿಕಾರಿಗಳಿಗೂ ಅಧಿಕಾರ ನೀಡಿದೆ. ಕಾರವಾರ ಕರಾವಳಿಗೆ ಅಂತಹುದೇ ಒಂದು ಆದೇಶ, ಬೆಂಗಳೂರಿನಷ್ಟು ಬಿಗಿಯಿಲ್ಲದೆ, ಬರಲಿ. ದಿನಕ್ಕೊಂದು ಅರ್ಜಿಯ ಬದಲು ಅಕ್ಟೋಬರಿನಿಂದ ಮೇ ತನಕ ಒಂದೇ ಅನುಮತಿ ಇರಲಿ. ಶಬ್ದವನ್ನು ಬೇಲಿಯ ಬಳಿ ಉಪಕರಣದಿಂದಲೇ ಅಳೆಯಲಿ. ರದ್ದುಪಡಿಸುವ ಮುನ್ನ ನೋಟಿಸು ಕೊಡಲಿ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ನೀಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಆ ದಿನಗಳನ್ನು ಹಂಗಾಮಿಗೆ ಮೊದಲೇ ಪ್ರಕಟಿಸಿದರೆ ವಾದ್ಯದವರನ್ನು ಗೊತ್ತುಮಾಡುವವರಿಗೂ ಅನುಕೂಲ.

ಎಲ್ಲವನ್ನೂ ನಿಷೇಧಿಸಿಬಿಡಿ ಎನ್ನುವವರೂ ಇದ್ದಾರೆ. ನಿಷೇಧದಿಂದ ಕುಡಿತ ನಿಲ್ಲುವುದಿಲ್ಲ. ಗಿರಾಕಿ ಪೋಳೆಂಗೆ ಹೋಗಿ, ನಡುರಾತ್ರಿ ಅದೇ ಹೆದ್ದಾರಿಯಲ್ಲಿ ವಾಹನ ಚಲಾಯಿಸಿಕೊಂಡು ಮರಳುತ್ತಾನೆ. ಇತ್ತ ಐಸ್, ಸೋಡಾ, ಮೀನು ಪೂರೈಸುವವರು, ಶಾಮಿಯಾನ ಹಾಗೂ ಧ್ವನಿವರ್ಧಕ ಬಾಡಿಗೆಯವರು ವ್ಯಾಪಾರ ಕಳೆದುಕೊಳ್ಳುತ್ತಾರೆ. ಆದೇಶದ ಕರಡು ಮಳೆಗಾಲದಲ್ಲೇ ಗ್ರಾಮಸಭೆಯ ಮುಂದೆ ಬರಲಿ. ಬೇಲಿಯಾಚೆಯ ಮನೆಯವರೂ ಬಾರ್ ಮಾಲೀಕರೂ ಅಲ್ಲಿ ಮುಖಾಮುಖಿಯಾಗಿ ಮಾತನಾಡಲಿ.