ಗೃಹವಿಜ್ಞಾನ: ಲ್ಯಾಪ್‌ಟಾಪಿನ ವೇಗವೂ ಬಿಸಿಯೂ

ಅನ್ನವು ಕುದಿಬಂದ ಬಳಿಕ ಒಲೆಯ ಉರಿಯನ್ನು ತಗ್ಗಿಸಬೇಕೆಂಬುದನ್ನು ಯಾವ ಗೃಹಿಣಿಗೂ ಕಲಿಸಬೇಕಾದುದಿಲ್ಲ. ಇಂದು ಅನೇಕ ಮನೆಗಳಲ್ಲಿ ಮಕ್ಕಳ ಪಾಠಕ್ಕೂ ಹಿರಿಯರ ಲೆಕ್ಕಪತ್ರಕ್ಕೂ ಒದಗುತ್ತಿರುವ ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ನಾವು ಬಳಸುವುದು ಅಪೂರ್ವ.

ಈ ಯಂತ್ರದ ಮಿದುಳೆನಿಸಿದ ಪ್ರೊಸೆಸರು ಎಡೆಬಿಡದೆ ಮಿಡಿಯುತ್ತಿರುವುದು. ಎರಡು ಗಿಗಾಹರ್ಟ್ಸ್ ವೇಗವೆಂದರೆ ಸೆಕೆಂಡಿಗೆ 200 ಕೋಟಿ ಮಿಡಿತ. ಅದು ಸೇವಿಸುವ ವಿದ್ಯುತ್ತೆಲ್ಲವೂ ಕಡೆಗೆ ಬಿಸಿಯಾಗಿಯೇ ಹೊರಬೀಳುವುದು. ಮಿಡಿತಕ್ಕೆ ತಗಲುವ ಶಕ್ತಿಯು ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಅನುಸರಿಸಿರುತ್ತದೆ. ವೇಗವು ಏರಬೇಕಾದರೆ ವೋಲ್ಟೇಜೂ ಏರಬೇಕಾಗುವುದು. ಆದುದರಿಂದ ವೇಗವು ನೂರಕ್ಕೆ 20ರಷ್ಟೂ, ಅದರೊಡನೆ ವೋಲ್ಟೇಜು ನೂರಕ್ಕೆ 10ರಷ್ಟೂ ತಗ್ಗಿದರೆ, ಈ ವ್ಯಯವು 100ರಿಂದ ಸುಮಾರು 65ಕ್ಕೆ ಇಳಿಯುವುದು. ಐದರಲ್ಲೊಂದು ಪಾಲು ವೇಗವನ್ನು ಬಿಟ್ಟುಕೊಟ್ಟು, ಮೂರರಲ್ಲೊಂದು ಪಾಲಿಗೂ ಮಿಗಿಲಾದ ಬಿಸಿಯನ್ನು ನೀಗಿದಂತಾಯಿತು. ಕೆಲಸವು ತುಸು ತಡವಾಗಿ ಮುಗಿಯುವುದರಿಂದ ಬ್ಯಾಟರಿಯ ಉಳಿತಾಯವು ಇಷ್ಟೇ ಪ್ರಮಾಣದಲ್ಲಿರಲಾರದು. ಬಿಸಿಯ ಇಳಿತವಾದರೋ ಕೈಗೇ ತಿಳಿಯುವುದು.

ಬ್ಯಾಟರಿಯ ಮೇಲೆ ನಡೆವಾಗ ವೇಗವನ್ನು ಇಳಿಸುವ ‘ಸ್ಪೀಡ್‌ಸ್ಟೆಪ್’ ಎಂಬ ಏರ್ಪಾಡನ್ನು ಇಂಟೆಲ್ ಸಂಸ್ಥೆಯು 2000ದಲ್ಲಿ ತಂದಿತು. ಅದೇ ಸಂಸ್ಥೆಯು 2008ರಲ್ಲಿ ತಂದ ‘ಟರ್ಬೊ ಬೂಸ್ಟ್’ ಎಂಬುದು, ಅವಕಾಶವಿದ್ದಾಗ ಪ್ರೊಸೆಸರನ್ನು ಸಾಮಾನ್ಯ ವೇಗಕ್ಕಿಂತಲೂ ಮೇಲೇರಿಸುವುದು. ಚಿಕ್ಕಪುಟ್ಟ ಕೆಲಸಕ್ಕೂ ಬೀಸಣಿಗೆಯು ಭೋರ್ಗರೆಯುವುದಕ್ಕೆ ಹಲವು ವೇಳೆ ಈ ಏರಿಕೆಯೇ ಕಾರಣ.

ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್ ಪ್ಯಾನೆಲಿನ ‘ಪವರ್ ಆಪ್ಷನ್ಸ್’ ತೆರೆದು, ಮುಂದುವರಿದ ಏರ್ಪಾಡುಗಳ ಪಟ್ಟಿಯಲ್ಲಿ ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಎಂಬುದನ್ನು ಅರಸತಕ್ಕದ್ದು. ಅದರೊಳಗಿನ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಸಾಮಾನ್ಯವಾಗಿ 100 ಎಂದಿರುವುದು. ಅದನ್ನು 99 ಮಾಡಿದ ಮಾತ್ರಕ್ಕೇ ಬಹುಪಾಲು ಯಂತ್ರಗಳಲ್ಲಿ ಮೇಲೇರಿಕೆಯು ನಿಲ್ಲುವುದು. ಬೇಸಗೆಯಲ್ಲಿಯೂ ವಿದ್ಯುತ್ತು ಹೋದಾಗಲೂ 80ರವರೆಗೆ ಇಳಿಸಿ ನೋಡಬಹುದು. ಬ್ಯಾಟರಿಗೂ ಗೋಡೆಯ ವಿದ್ಯುತ್ತಿಗೂ ಬೇರೆ ಬೇರೆ ಅಂಕಿಗಳನ್ನು ಇಡಲು ಅಲ್ಲಿ ಅನುಕೂಲವಿದೆ. ಹೊಸ ಯಂತ್ರಗಳಲ್ಲಿ ಈ ಸಾಲು ಕಾಣದಿದ್ದರೆ, ಸೆಟ್ಟಿಂಗ್ಸ್‌ನಲ್ಲಿನ ‘ಪವರ್ ಮೋಡ್’ ಎಂಬಲ್ಲಿ ಮಿತವ್ಯಯದ ಆಯ್ಕೆಯನ್ನು ಹಿಡಿಯಬಹುದು. ಚಲನಚಿತ್ರವನ್ನು ಜೋಡಿಸುವಂತಹ ಭಾರಿ ಕೆಲಸವಿರುವ ದಿನ ಮತ್ತೆ 100ಕ್ಕೆ ಏರಿಸಿದರಾಯಿತು.

ಇದು ಬರಿಯ ಸುಖದ ಪ್ರಶ್ನೆಯಲ್ಲ. ಲಿಥಿಯಮ್ ಬ್ಯಾಟರಿಯು ಬಿಸಿಯಲ್ಲಿ ಬೇಗನೆ ಮುಪ್ಪಾಗುವುದು. ಬಿಸಿಯಾದ ಯಂತ್ರವನ್ನು ಬಹುಕಾಲ ತೊಡೆಯ ಮೇಲಿಟ್ಟು ದುಡಿಯುವವರ ಚರ್ಮದಲ್ಲಿ ಬಲೆಯಂತಹ ಕಂದು ಕಲೆಗಳು ಮೂಡುವುದನ್ನು ವೈದ್ಯರು ಕಂಡಿರುವರು. ಆದುದರಿಂದ ಮಕ್ಕಳು ಅದನ್ನು ಮೇಜಿನ ಮೇಲಿಟ್ಟೇ ಓದಲಿ. ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿಗಳು ಮುಚ್ಚಿಹೋಗುವುವು. ಅವುಗಳಲ್ಲಿ ಧೂಳು ತುಂಬಿದ್ದರೆ ವೇಗವನ್ನು ಎಷ್ಟು ತಗ್ಗಿಸಿದರೂ ಪೂರ್ಣ ಫಲವು ದೊರೆಯದು.

ಬ್ಯಾಟರಿಯು ಉಬ್ಬಿ ಯಂತ್ರದ ಕವಚವು ಎದ್ದಿರುವುದು ಕಂಡರೆ, ಈ ಉಪಾಯಗಳಾವುವೂ ಸಲ್ಲವು. ಆ ಕ್ಷಣವೇ ಯಂತ್ರವನ್ನು ಆರಿಸಿ, ವಿದ್ಯುತ್ತಿನಿಂದ ಬಿಡಿಸಿ, ಅದನ್ನು ಚುಚ್ಚದೆ ಒತ್ತದೆ, ಬಲ್ಲ ದುರಸ್ತಿಗಾರರಿಗೆ ಒಪ್ಪಿಸತಕ್ಕದ್ದು.