ವಿಮಾನಯಾನಕ್ಕೆ ಬಾಗಿಲು ಹಲವು, ನಮ್ಮ ಮಕ್ಕಳಿಗೆ ತೋರಿಸುವುದು ಅತಿ ದುಬಾರಿಯದ್ದನ್ನೇ

2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಲಿಲ್ಲ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳ ಮಿತಿಯನ್ನು ಆರರಿಂದ ಎರಡಕ್ಕೆ ಇಳಿಸಿದ ನಿಯಮ ಪೂರ್ತಿ ಜಾರಿಗೆ ಬಂದದ್ದೇ ತಡ, ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯ ಬಳಿ ಸಾಕಷ್ಟು ಸಿಬ್ಬಂದಿ ಇಲ್ಲ ಅನ್ನೋದು ಬಯಲಾಯಿತು. ನಿಯಮ ಪ್ರಕಟವಾಗಿದ್ದು 2024ರ ಜನವರಿಯಲ್ಲೇ. ತಯಾರಾಗಲು ಸಮಯವಿತ್ತು, ತಯಾರಾಗಲಿಲ್ಲ. ಕೊನೆಗೆ ಸರ್ಕಾರವೇ ಆ ಸಂಸ್ಥೆಗಾಗಿ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು.

ಆ ಗದ್ದಲ ಮುಗಿದರೂ ಒಂದು ಮಾತು ಮಾತ್ರ ಗಟ್ಟಿಯಾಗಿ ಉಳಿಯಿತು: 'ದೇಶದಲ್ಲಿ ಪೈಲಟ್‌ಗಳ ಕೊರತೆ ಇದೆ.' ಈ ಒಂದು ವಾಕ್ಯ ಈಗ ಬಂಡವಾಳವಾಗಿದೆ. ಪಿಯು ಕಾಲೇಜುಗಳ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಗಳಿಗೆ ನಾನು ಆಗಾಗ ಹೋಗುತ್ತಿರುತ್ತೇನೆ. ಮೊದಲೆಲ್ಲಾ ನೀಟ್, ಸಿಇಟಿ ಅಂತ ಕೇಳುತ್ತಿದ್ದ ಪೋಷಕರು ಈಗ, 'ಸಾರ್, ಮಗಳನ್ನ ಪೈಲಟ್ ಮಾಡ್ಸೋಣ ಅಂತಿದೀವಿ, ಎಷ್ಟಾಗುತ್ತೆ?' ಅಂತ ಕೇಳುತ್ತಾರೆ. ಕನಸು ಒಳ್ಳೆಯದೇ. ಆದರೆ 'ಕೊರತೆ ಇದೆಯಂತೆ, ಕೆಲಸ ಗ್ಯಾರಂಟಿಯಂತೆ' ಅನ್ನುವ ನಂಬಿಕೆ ಮೇಲೆ ಮನೆಪತ್ರ ಅಡವಿಡಲು ಹೊರಟವರನ್ನು ನೋಡಿದಾಗ ಲೆಕ್ಕ ಬಿಡಿಸಿ ಹೇಳಲೇಬೇಕು ಅನಿಸುತ್ತದೆ.

ಕೊರತೆ ಇರುವುದು ಯಾರದ್ದು?

ಕೇಂದ್ರ ವಿಮಾನಯಾನ ಸಚಿವ ರಾಮಮೋಹನ್ ನಾಯ್ಡು, ಮುಂದಿನ 15-20 ವರ್ಷಗಳಲ್ಲಿ ದೇಶಕ್ಕೆ 30 ಸಾವಿರ ಪೈಲಟ್‌ಗಳು ಬೇಕು ಎಂದಿದ್ದಾರೆ. ಕೇಳಲು ದೊಡ್ಡ ಸಂಖ್ಯೆ. ವರ್ಷಕ್ಕೆ ಭಾಗಿಸಿ ನೋಡಿ: 1,500ರಿಂದ 2,000. ಇನ್ನೊಂದು ಕಡೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2023ರ ಒಂದೇ ವರ್ಷದಲ್ಲಿ ಕೊಟ್ಟ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗಳು 1,600ಕ್ಕೂ ಹೆಚ್ಚು. ಅಂದರೆ ಹೊಸಬರ ಪೂರೈಕೆ ಈಗಾಗಲೇ ಬೇಡಿಕೆಯ ಹತ್ತಿರಕ್ಕೆ ಬಂದು ನಿಂತಿದೆ.

ಹಾಗಾದರೆ ಕೊರತೆ ಎಲ್ಲಿದೆ? ಎಡಗಡೆ ಸೀಟಿನಲ್ಲಿ ಕೂರುವ ಕಮಾಂಡರ್‌ಗಳದ್ದು. 200 ಗಂಟೆ ಹಾರಾಟ ಮುಗಿಸಿದವರಿಗೆ ಸಿಪಿಎಲ್ ಸಿಗುತ್ತದೆ. ಕಮಾಂಡರ್ ಆಗಲು ಬೇಕಾದ ಎಟಿಪಿಎಲ್‌ಗೆ ಕನಿಷ್ಠ 1,500 ಗಂಟೆ ಬೇಕು. ಆ ನಡುವಿನ 1,300 ಗಂಟೆಗಳನ್ನು ಯಾವ ಫ್ಲೈಯಿಂಗ್ ಸ್ಕೂಲೂ ಮಾರುವುದಿಲ್ಲ. ಅದು ಕೆಲಸ ಸಿಕ್ಕ ಮೇಲೆ ಮಾತ್ರ ದಕ್ಕುವಂಥದ್ದು. ಅನುಭವಿಗಳಿಗೆ ಬರ, ಹೊಸಬರಿಗೆ ಸಾಲು. 'ಕೊರತೆ' ಎಂಬ ಒಂದೇ ಪದ ಈ ಎರಡನ್ನೂ ಮುಚ್ಚಿಹಾಕುತ್ತದೆ.

ಜೊತೆಗೆ ದೊಡ್ಡ ಸಂಸ್ಥೆಗಳು ಈಗ ತಮ್ಮದೇ ಕೆಡೆಟ್ ಯೋಜನೆಗಳ ಮೂಲಕ ಹುಡುಗರನ್ನು ಆರಿಸಿಕೊಳ್ಳುವುದು ಹೆಚ್ಚಾಗಿದೆ. ಅದರ ಖರ್ಚು ಒಂದು ಕೋಟಿ ರೂಪಾಯಿಯ ಆಸುಪಾಸು. ಸ್ವಂತವಾಗಿ ಸಿಪಿಎಲ್ ಮಾಡಿದವರು ಜಾಹೀರಾತಿಗಾಗಿ ಕಾಯಬೇಕು. ಕಾಯುವಾಗಲೂ ಖರ್ಚು ನಿಲ್ಲುವುದಿಲ್ಲ. ಕ್ಲಾಸ್-1 ವೈದ್ಯಕೀಯ ತಪಾಸಣೆ, ಇನ್‌ಸ್ಟ್ರುಮೆಂಟ್ ರೇಟಿಂಗ್ ಎರಡನ್ನೂ ವರ್ಷ ವರ್ಷ ನವೀಕರಿಸುತ್ತಿರಬೇಕು.

ಅರ್ಧ ಕೋಟಿಯ ಲೆಕ್ಕ

ದೇಶದಲ್ಲೇ ಸಿಪಿಎಲ್ ಮಾಡಿದರೆ ಸುಮಾರು 40ರಿಂದ 60 ಲಕ್ಷ. ಆಮೇಲೆ ಏರ್‌ಬಸ್ 320 ಅಥವಾ ಬೋಯಿಂಗ್ 737 ಓಡಿಸಲು ಟೈಪ್ ರೇಟಿಂಗ್ ಬೇಕು, ಅದಕ್ಕೆ ಮತ್ತೆ 15-25 ಲಕ್ಷ. ಸರ್ಕಾರದ ಖಾತರಿ ಯೋಜನೆಯಡಿ ಅಡಮಾನವಿಲ್ಲದೆ ಸಿಗುವ ಶಿಕ್ಷಣ ಸಾಲದ ಮಿತಿ 7.5 ಲಕ್ಷ. ಉಳಿದದ್ದಕ್ಕೆ ಬ್ಯಾಂಕ್ ಕೇಳುವುದು ಮನೆ, ಸೈಟು, ಜಮೀನು. 50 ಲಕ್ಷವನ್ನು ಶೇ.11ರ ಬಡ್ಡಿಗೆ ಹತ್ತು ವರ್ಷದ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 69 ಸಾವಿರ ರೂಪಾಯಿ. ಮಗನಿಗೆ ಕೆಲಸ ಸಿಗುವುದು ಎರಡು ವರ್ಷ ತಡವಾದರೆ ಆ ಕಂತು ಕಟ್ಟುವವರು ಯಾರು? ಅಪ್ಪನ ಪಿಂಚಣಿಯೋ, ಅಡಕೆ ತೋಟವೋ.

ಇದು ಬರೀ ಹೆದರಿಸುವ ಮಾತಲ್ಲ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಪ್ರತಿ ಸಲವೂ ನೂರಾರು ಅನುಭವಿ ಪೈಲಟ್‌ಗಳು ಮಾರುಕಟ್ಟೆಗೆ ಬಂದರು, ಹೊಸಬರು ಸಾಲಿನಲ್ಲಿ ಇನ್ನಷ್ಟು ಹಿಂದೆ ಸರಿದರು. ಸಂಸ್ಥೆ ಮುಳುಗಿದರೆ ದಿವಾಳಿ ಕಾನೂನು ಇದೆ. ಸಾಲ ಮಾಡಿ ಓದಿಸಿದ ಕುಟುಂಬಕ್ಕೆ ಅಂಥ ಯಾವ ಕಾನೂನಿನ ಆಸರೆಯೂ ಸುಲಭಕ್ಕೆ ಸಿಗುವುದಿಲ್ಲ.

ತರಬೇತಿಯ ಗುಣಮಟ್ಟವನ್ನೂ ನೋಡಬೇಕು. 2025ರ ಅಕ್ಟೋಬರ್‌ನಲ್ಲಿ ಡಿಜಿಸಿಎ ಮೊದಲ ಬಾರಿ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಶ್ರೇಣಿ ಕೊಟ್ಟಿತು. ಒಂದೇ ಒಂದು ಶಾಲೆಗೂ 'ಎ' ದರ್ಜೆ ಸಿಗಲಿಲ್ಲ. 13 ಶಾಲೆಗಳು 'ಬಿ', 22 ಶಾಲೆಗಳು 'ಸಿ'. ದುಡ್ಡು ಕಟ್ಟುವ ಮೊದಲು ಈ ಪಟ್ಟಿ ನೋಡಿ. ಅದಕ್ಕೂ ಮೊದಲು ಕ್ಲಾಸ್-2, ಕ್ಲಾಸ್-1 ವೈದ್ಯಕೀಯ ತಪಾಸಣೆ ಮುಗಿಸಿ. ಬಣ್ಣ ಗುರುತಿಸುವ ದೃಷ್ಟಿದೋಷವೊಂದು ಇಡೀ ಯೋಜನೆಯನ್ನು ನಿಲ್ಲಿಸಬಲ್ಲದು. ಅದು 30 ಲಕ್ಷ ಕಟ್ಟಿದ ಮೇಲೆ ಗೊತ್ತಾಗಬಾರದು.

ಸಾವಿರ ರೂಪಾಯಿಯ ಬಾಗಿಲು

ಇನ್ನು ಹೋರ್ಡಿಂಗ್‌ನಲ್ಲಿ ಕಾಣದ ಬಾಗಿಲುಗಳಿಗೆ ಬರೋಣ. ಮೊದಲನೆಯದು ಏರ್ ಟ್ರಾಫಿಕ್ ಕಂಟ್ರೋಲರ್. ಯಾವ ವಿಮಾನ ಯಾವಾಗ ಇಳಿಯಬೇಕು, ಎಷ್ಟು ಎತ್ತರದಲ್ಲಿ ಹಾರಬೇಕು ಎಂದು ನೆಲದಿಂದ ಹೇಳುವವರು ಇವರೇ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಇವರನ್ನು ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ನೇರವಾಗಿ ನೇಮಿಸಿಕೊಳ್ಳುತ್ತದೆ. 2025ರಲ್ಲಿ ಕರೆದದ್ದು 309 ಹುದ್ದೆ. ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ ಅಥವಾ ಬಿಇ ಪದವಿ ಸಾಕು. ವಯೋಮಿತಿ 27, ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ. ಅರ್ಜಿ ಶುಲ್ಕ 1,000 ರೂಪಾಯಿ, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಅದೂ ಇಲ್ಲ. ಮೂಲವೇತನ ಶುರುವಾಗುವುದೇ 40 ಸಾವಿರದಿಂದ, ಭತ್ಯೆಗಳು ಬೇರೆ. ತರಬೇತಿ ಕೊಡುವುದು ಪ್ರಾಧಿಕಾರವೇ.

ಇನ್ನೊಮ್ಮೆ ಓದಿ: ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಪಿಸಿಎಂ ಓದುತ್ತಿರುವ ಹುಡುಗಿ ಈ ಹುದ್ದೆಗೆ ಅರ್ಹಳು. ಆದರೆ ನಾನು ಹೋದ ಕಾಲೇಜುಗಳಲ್ಲಿ ಅಂತಿಮ ಬಿಎಸ್ಸಿ ಮಕ್ಕಳನ್ನು ಕೇಳಿದರೆ ಬಿಎಡ್, ಬ್ಯಾಂಕ್, ಎಫ್‌ಡಿಎ ಅನ್ನುತ್ತಾರೆ. ಎಟಿಸಿ ಅಂದರೆ ಏನು ಅಂತ ಕೈ ಎತ್ತಿದವರು ಬೆರಳೆಣಿಕೆಯಷ್ಟು. ಸ್ಪರ್ಧೆ ಕಠಿಣ, ಒತ್ತಡ ವಿಪರೀತ, ರಾತ್ರಿ ಪಾಳಿ ತಪ್ಪಿದ್ದಲ್ಲ, ಪೋಸ್ಟಿಂಗ್ ದೇಶದ ಎಲ್ಲಿಗೆ ಬೇಕಾದರೂ ಆಗಬಹುದು. ಅದೆಲ್ಲ ನಿಜ. ಆದರೆ ಸೋತರೆ ಹೋಗುವುದು ಸಾವಿರ ರೂಪಾಯಿ, ಮನೆಯಲ್ಲ.

ವಿಮಾನಕ್ಕೆ ಸಹಿ ಹಾಕುವವರು

ಎರಡನೆಯದು ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್, ಎಎಂಇ. ದುರಸ್ತಿಯಾದ ವಿಮಾನ ಮತ್ತೆ ಹಾರಲು ಯೋಗ್ಯ ಎಂದು ಲೈಸೆನ್ಸ್ ಇರುವ ಎಎಂಇ ಸಹಿ ಹಾಕಬೇಕು. ಆ ಸಹಿ ಇಲ್ಲದಿದ್ದರೆ ಎಷ್ಟೇ ಹಿರಿಯ ಕ್ಯಾಪ್ಟನ್ ಆದರೂ ಹಾರಿಸುವ ಹಾಗಿಲ್ಲ. ಪಿಯುನಲ್ಲಿ ಪಿಸಿಎಂ ಓದಿದವರು ಡಿಜಿಸಿಎ ಮಾನ್ಯತೆ ಇರುವ ಸಂಸ್ಥೆಗೆ ಸೇರಿ, ನಂತರ ಹ್ಯಾಂಗರ್‌ನಲ್ಲಿ ಕೆಲಸ ಕಲಿತು, ಡಿಜಿಸಿಎಯ ಮಾಡ್ಯೂಲ್ ಪರೀಕ್ಷೆಗಳನ್ನು ಪಾಸ್ ಮಾಡಬೇಕು. ಖರ್ಚು ಕೆಲವು ಲಕ್ಷ. ಅಡಮಾನವಿಲ್ಲದ ಸಾಲದ ಕೈಗೆ ಎಟುಕುವಂಥದ್ದು.

ಇಲ್ಲೂ ಎರಡು ಗೊಂದಲ ಇವೆ. ಏರೋನಾಟಿಕಲ್ ಬಿಇ ಮಾಡಿದರೆ ಎಎಂಇ ಆದಂತೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಬಿಇ ವಿನ್ಯಾಸದ, ಸಂಶೋಧನೆಯ ದಾರಿ. ಎಎಂಇ ಲೈಸೆನ್ಸ್‌ನ ದಾರಿ. ಇನ್ನೊಂದು, ಕೋರ್ಸ್ ಮುಗಿಸಿದ್ದು ಬೇರೆ, ಲೈಸೆನ್ಸ್ ಕೈಗೆ ಬಂದದ್ದು ಬೇರೆ. ಮಾಡ್ಯೂಲ್‌ಗಳು ಬಾಕಿ ಉಳಿದರೆ ಕಡಿಮೆ ಸಂಬಳದ ಟೆಕ್ನಿಷಿಯನ್ ಆಗಿಯೇ ಇರಬೇಕಾಗುತ್ತದೆ. ಸಂಸ್ಥೆಯವರನ್ನು ಕೇಳಬೇಕಾದ ಪ್ರಶ್ನೆ 'ಎಷ್ಟು ಜನ ಕೋರ್ಸ್ ಮುಗಿಸಿದರು' ಅಂತಲ್ಲ, 'ಎಷ್ಟು ಜನರಿಗೆ ಲೈಸೆನ್ಸ್ ಬಂತು' ಅಂತ.

ಮೂರನೆಯದು ವಾಯುಪಡೆ. ಎನ್‌ಡಿಎ ಅಥವಾ ಎಎಫ್‌ಕ್ಯಾಟ್ ಮೂಲಕ ಹೋದವರ ಹಾರಾಟ ತರಬೇತಿಯ ಪೂರ್ತಿ ವೆಚ್ಚ ಸರ್ಕಾರದ್ದು. ಕೊನೆಯ ವರ್ಷದ ತರಬೇತಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೂಡ ಇದೆ. 2022ರಿಂದ ಎನ್‌ಡಿಎ ಹೆಣ್ಣುಮಕ್ಕಳಿಗೂ ತೆರೆದಿದೆ. ಇದು ಏರ್‌ಲೈನ್ ಕೆಲಸಕ್ಕೆ ಅಡ್ಡದಾರಿ ಅಲ್ಲ, ಹಲವು ವರ್ಷ ಸೇವೆ ಸಲ್ಲಿಸಲೇಬೇಕು. ಆ ಮನಸ್ಸಿದ್ದರೆ, ದುಡ್ಡಿಲ್ಲದವರ ಮಕ್ಕಳು ಪೈಲಟ್ ಆಗಲು ಈ ದೇಶದಲ್ಲಿ ಇದಕ್ಕಿಂತ ನೇರವಾದ ದಾರಿ ಇಲ್ಲ.

ಡಿಪ್ಲೊಮಾ ಮಾರುವವರು

ಕ್ಯಾಬಿನ್ ಕ್ರೂ ಮತ್ತು ಗ್ರೌಂಡ್ ಸ್ಟಾಫ್ ವಿಷಯದಲ್ಲಿ ವ್ಯಾಪಾರ ಇನ್ನೊಂದು ರೀತಿಯದು. ಜಿಲ್ಲಾ ಕೇಂದ್ರಗಳಲ್ಲೂ 'ಏವಿಯೇಷನ್ ಅಕಾಡೆಮಿ' ಬೋರ್ಡುಗಳು ಬಂದಿವೆ. ಲಕ್ಷ ಚಿಲ್ಲರೆ ಕೊಟ್ಟು ಗಗನಸಖಿ ಡಿಪ್ಲೊಮಾ ಮಾಡಿ ಅನ್ನುತ್ತಾರೆ. ವಾಸ್ತವ ಏನೆಂದರೆ, ಕ್ಯಾಬಿನ್ ಕ್ರೂ ಆಗಲು ಅಂಥ ಡಿಪ್ಲೊಮಾ ಕಡ್ಡಾಯವಲ್ಲ. ಪಿಯು ಪಾಸಾಗಿ, ವಯಸ್ಸು, ಎತ್ತರ, ಭಾಷೆಯ ಷರತ್ತು ಪೂರೈಸಿದವರು ನೇರ ಸಂದರ್ಶನಕ್ಕೆ ಹೋಗಬಹುದು. ಸುರಕ್ಷತಾ ತರಬೇತಿಯನ್ನು ವಿಮಾನ ಸಂಸ್ಥೆಯೇ ಕೊಡುತ್ತದೆ. ಸಂದರ್ಶನ ಎದುರಿಸುವ ಧೈರ್ಯ, ಇಂಗ್ಲಿಷ್ ಮಾತು ಕಲಿಯಲು ಬೇರೆ ಅಗ್ಗದ ದಾರಿಗಳಿವೆ.

ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸದ ಸ್ಥಿತಿ ಗೊತ್ತಾಗಬೇಕಾದರೆ 2024ರ ಜುಲೈ ನೆನಪಿಸಿಕೊಳ್ಳಿ. ಮುಂಬೈನ ಕಲೀನಾದಲ್ಲಿ ಸುಮಾರು 2,200 ಲೋಡರ್ ಹುದ್ದೆಗಳಿಗೆ 25 ಸಾವಿರದಷ್ಟು ಯುವಕರು ಬಂದಿದ್ದರೆಂದು ವರದಿಯಾಯಿತು. ಅವರಲ್ಲಿ ಪದವೀಧರರೂ ಇದ್ದರು. ವಿಮಾನಯಾನ ಅಂದ ತಕ್ಷಣ ಎಲ್ಲ ಕೆಲಸಕ್ಕೂ ಆಕಾಶದ ಸಂಬಳ ಇರುವುದಿಲ್ಲ. ಬಹುಪಾಲು ನೆಲದ ಕೆಲಸಗಳು ಗುತ್ತಿಗೆಯವು.

ಜಮೀನು ಕೇಳುವಾಗಿನ ಉತ್ಸಾಹ

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಇನ್ನೂ ಚುರುಕಾಗಿದೆ. 1940ರಲ್ಲಿ ಎಚ್‌ಎಎಲ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನದ ಬೆಂಬಲದಿಂದ. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. 2024ರ ಜನವರಿಯಲ್ಲಿ ದೇವನಹಳ್ಳಿ ಬಳಿ ಬೋಯಿಂಗ್ ತನ್ನ 1,600 ಕೋಟಿಯ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ಬೆಳಗಾವಿಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತಿವೆ. ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಜಾಗ ಕೊಡಲಾಗಿದೆ.

ಏರೋಸ್ಪೇಸ್ ಪಾರ್ಕ್‌ಗೆಂದು ದೇವನಹಳ್ಳಿಯ ಚನ್ನರಾಯಪಟ್ಟಣದ 13 ಹಳ್ಳಿಗಳ 1,777 ಎಕರೆ ಕೇಳಿದ್ದೂ ಇದೇ ಹೆಸರಿನಲ್ಲಿ. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. 'ಉದ್ಯೋಗ ಬರುತ್ತೆ' ಎಂಬ ಮಾತನ್ನು ಆ ರೈತರು ಯಾಕೆ ನಂಬಲಿಲ್ಲ? ವಿಮಾನ ನಿಲ್ದಾಣಕ್ಕೆ ಜಮೀನು ಹೋದ ಸುತ್ತಲಿನ ಊರುಗಳ ಮಕ್ಕಳಿಗೆ ಏನು ಸಿಕ್ಕಿತು ಅನ್ನೋದು ಅವರ ಕಣ್ಣೆದುರೇ ಇತ್ತು. ಟ್ಯಾಕ್ಸಿ, ಸೆಕ್ಯುರಿಟಿ, ಹೌಸ್‌ಕೀಪಿಂಗ್. ಈ ಕೆಲಸಗಳಿಗೆ ಅಗೌರವವಿಲ್ಲ. ಆದರೆ ಹ್ಯಾಂಗರ್‌ನ ಒಳಗೆ, ಕಂಟ್ರೋಲ್ ಟವರ್‌ನ ಮೇಲೆ ಆ ಊರಿನ ಮಕ್ಕಳು ಯಾಕಿಲ್ಲ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಸರ್ಕಾರಕ್ಕೆ ಇದು ಅಸಾಧ್ಯದ ಕೆಲಸವೇನಲ್ಲ. 1949ರಿಂದ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ. ನಡುವೆ ವರ್ಷಗಟ್ಟಲೆ ಅಲ್ಲಿ ತರಬೇತಿಯೇ ನಿಂತಿತ್ತು. ಅದನ್ನು ಸಮರ್ಥವಾಗಿ ನಡೆಸಿ, ಒಂದಷ್ಟು ಸೀಟುಗಳನ್ನು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಪೂರ್ಣ ವೆಚ್ಚದೊಂದಿಗೆ ಮೀಸಲಿಟ್ಟರೆ ಪೈಲಟ್ ಕನಸು ಜಮೀನಿದ್ದವರ ಸೊತ್ತಾಗಿ ಉಳಿಯುವುದಿಲ್ಲ. ಐಟಿಐ, ಪಾಲಿಟೆಕ್ನಿಕ್‌ಗಳನ್ನು ವಿಮಾನ ದುರಸ್ತಿ ಘಟಕಗಳ ಜೊತೆ ಜೋಡಿಸಬಹುದು. ಪದವಿ ಕಾಲೇಜುಗಳಲ್ಲಿ ಎಟಿಸಿ ಪರೀಕ್ಷೆಗೆ ಉಚಿತ ಕೋಚಿಂಗ್ ಕೊಡಬಹುದು. ಕೆಎಎಸ್, ಐಎಎಸ್‌ಗೆ ಕೊಡುವವರು ಇದಕ್ಕೆ ಯಾಕೆ ಕೊಡಬಾರದು?

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಭಯ ಇದೆ, ನಿಜ. ಪೈಲಟ್‌ಗೂ ಕಂಟ್ರೋಲರ್‌ಗೂ ಅಂತರರಾಷ್ಟ್ರೀಯ ಮಾನದಂಡದ ನಾಲ್ಕನೇ ಹಂತದ ಇಂಗ್ಲಿಷ್ ಬೇಕೇ ಬೇಕು. ಆದರೆ ರೇಡಿಯೊದಲ್ಲಿ ಬಳಸುವುದು ಬಹುಪಾಲು ಸಿದ್ಧ ವಾಕ್ಯಗಳ, ಕಟ್ಟುನಿಟ್ಟಿನ ಭಾಷೆ. ಭೌತಶಾಸ್ತ್ರ ಅರ್ಥವಾಗುವ ಮಗುವಿಗೆ ಅದು ಕಲಿಯಲಾಗದ್ದಲ್ಲ. ಕಲಿಸುವವರು ಬೇಕು ಅಷ್ಟೇ.

ಈ ಪ್ರವೇಶಾತಿ ಹಂಗಾಮಿನಲ್ಲಿ ಪೋಷಕರಿಗೆ ನಾನು ಹೇಳುವುದಿಷ್ಟು: ಮಗುವಿಗೆ ಹಾರಲೇಬೇಕೆಂಬ ಹಠ ಇದ್ದರೆ ತಡೆಯಬೇಡಿ. ಆದರೆ ಮೊದಲು ವೈದ್ಯಕೀಯ ತಪಾಸಣೆ, ಆಮೇಲೆ ಶಾಲೆಯ ಶ್ರೇಣಿ, ಆಮೇಲೆ ಕೆಲಸ ಎರಡು ವರ್ಷ ತಡವಾದರೆ ಕಂತು ಕಟ್ಟುವವರು ಯಾರು ಎಂಬ ಲೆಕ್ಕ. ಈ ಮೂರೂ ಆದ ಮೇಲೇ ಬ್ಯಾಂಕಿಗೆ ಹೋಗಿ. 'ಕೊರತೆ ಇದೆ' ಎಂದು ಯಾರಾದರೂ ಹೇಳಿದರೆ, ಯಾರ ಕೊರತೆ ಎಂದು ಒಂದು ಮಾತು ತಿರುಗಿ ಕೇಳಿ.