ಫೌಜಿ ಮನೆ ಸಾಮಾನು: ರಸೀದಿ ಇಲ್ಲದೆ ಲಾರಿ ಹತ್ತಿಸಬೇಡಿ

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಕೊಡಗಿನಲ್ಲಿ ಫೌಜಿ ಮನೆಗಳಿಗೆ ಬರವಿಲ್ಲ. ಆ ಮನೆಗಳಿಗೆ ಸಾಮಾನು ಕಟ್ಟುವ ಕಷ್ಟವೂ ತಪ್ಪಿಲ್ಲ. ಕ್ವಾರ್ಟರ್ಸ್ ಸಿಕ್ಕಿತೆಂದರೆ ಊರಿಂದ ಅಲ್ಲಿಗೆ, ಫೀಲ್ಡ್ ಪೋಸ್ಟಿಂಗ್ ಬಂತೆಂದರೆ ಅಲ್ಲಿಂದ ಊರಿಗೆ. ಯಜಮಾನರು ಡ್ಯೂಟಿಗೆ ಹಾಜರಾಗಿರುತ್ತಾರೆ. ಮಕ್ಕಳ ಟಿ.ಸಿ., ಕಬ್ಬಿಣದ ಟ್ರಂಕು, ಫ್ರಿಜ್ಜು, ಬೈಕು ಎಲ್ಲಾ ಮನೆಯಾಕೆಯ ತಲೆ ಮೇಲೆ.

ಸರಕಾರವೇ ಎಲ್ಲ ಸಾಗಿಸಿ ಕೊಡ್ತದೆ, ಇವರಿಗೇನು ಕಷ್ಟ ಅಂತ ಬಸ್ ಸ್ಟ್ಯಾಂಡಿನಲ್ಲಿ ಮಾತಾಡುವವರಿದ್ದಾರೆ. ಹಾಗಿಲ್ಲ ಸ್ವಾಮಿ! ಸಾಮಾನ್ಯವಾಗಿ ಗಾಡಿ ಗೊತ್ತು ಮಾಡುವುದು ಕುಟುಂಬದ್ದೇ ಕೆಲಸ. ಬಿಲ್ಲು ಸಲ್ಲಿಸಿದ ಮೇಲೆ ಲೆಕ್ಕ ಚುಕ್ತಾ. ಅದಕ್ಕೂ ಮಿತಿ ಉಂಟು. 2017ರಲ್ಲಿ ಏಳನೇ ವೇತನ ಆಯೋಗದ ಮೇರೆಗೆ ಬಂದ ದರದಂತೆ ಸಿಪಾಯಿ, ನಾಯಕ್ ಮಟ್ಟದವರಿಗೆ 1500 ಕಿಲೋ, ಕಿ.ಮೀ.ಗೆ 15 ರೂಪಾಯಿ. ಹವಾಲ್ದಾರರಿಗೆ 3000 ಕಿಲೋ, 25 ರೂಪಾಯಿ. ಅದಕ್ಕೂ ಮೇಲಿನವರಿಗೆ 6000 ಕಿಲೋ, 50 ರೂಪಾಯಿ. ಆ ದರದಲ್ಲಿ ಸಿಪಾಯಿಯ ಮನೆ 2000 ಕಿ.ಮೀ. ದೂರ ಹೋದರೆ ಗರಿಷ್ಠ 30,000. ಖರ್ಚು ಕಡಿಮೆಯಾದರೆ ಖರ್ಚಾದಷ್ಟೇ. ಮೂಲ ವೇತನದ ಶೇ. 80ರಷ್ಟು ವರ್ಗಾವಣೆ ಭತ್ಯೆ ಬೇರೆ. ಯೂನಿಟ್ಟಿನಲ್ಲಿ ಮುಂಗಡ ಕೇಳಲೂ ಅವಕಾಶ ಇದೆ. ಕೇಳದೆ ಕೈಸಾಲಕ್ಕೆ ಓಡುವುದು ದಂಡ.

ಈಗ ದಾರಿ ಯಾವುದು? ಕೊಡಗಿಗೆ ರೈಲಿಲ್ಲ. ಪಾರ್ಸೆಲ್ ಮಾಡಬೇಕೆಂದರೂ ಮೈಸೂರಿನವರೆಗೆ ಗಾಡಿ ಬೇಕು, ಎರಡೆರಡು ಸಲ ಇಳಿಸಿ ಹತ್ತಿಸಬೇಕು. ಬೈಕು, ಟ್ರಂಕುಗಳಿಗೆ ಅದು ಸರಿ, ಗಾಜಿನ ಸಾಮಾನಿಗಲ್ಲ. ಖಾಲಿ ವಾಪಸು ಹೋಗುವ ಲಾರಿ ಸಿಕ್ಕಿದರೆ ಬಾಡಿಗೆ ಇಳಿಯುತ್ತದೆ, ಆದರೆ ಕಟ್ಟುವ ಕೆಲಸ ಮನೆಯವರದ್ದೇ. ಭಾರದ ಮಂಚ, ಬೀರು ಇಲ್ಲೇ ಮಾರಿ ಹಗುರಾಗಿ ಹೋಗುವುದು ಅನೇಕರಿಗೆ ಲಾಭ. ಉಳಿದದ್ದು ಪ್ಯಾಕರ್ಸ್ ಅಂಡ್ ಮೂವರ್ಸ್. ಸುಖವೂ ಅಲ್ಲೇ, ಮೋಸವೂ ಅಲ್ಲೇ.

ಹೆಸರಾಂತ ಕಂಪನಿಯಂತೆ ಬೋರ್ಡು ಹಾಕಿಕೊಂಡವರು ಫೋನಿನಲ್ಲೇ ಅಗ್ಗದ ರೇಟು ಹೇಳುತ್ತಾರೆ. “ಅಡ್ವಾನ್ಸ್ ಹಾಕಿ ಮೇಡಂ, ಬೆಳಿಗ್ಗೆ ಗಾಡಿ ಬಾಗಿಲಿಗೆ ಬರ್ತದೆ.” ಸಾಮಾನು ಲಾರಿ ಹತ್ತಿದ ಮೇಲೆ ರೇಟು ಏರುತ್ತದೆ. ಕೊಡದಿದ್ದರೆ ಲಾರಿ ನಡುದಾರಿಯಲ್ಲೇ ನಿಲ್ಲುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಕಾನೂನು ಇಲ್ಲವೇ? ಇದೆ. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯಂತೆ ಸಾಗಣೆದಾರ ನೋಂದಣಿ ಮಾಡಿಸಿರಬೇಕು, ಲಾರಿ ರಸೀದಿ ಕೊಡಬೇಕು. ಸಾಮಾನಿನ ಪಟ್ಟಿ, ಬೆಲೆ ಮೊದಲೇ ಬರೆಸಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಹಾನಿಯ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೇ ನಿಲ್ಲುತ್ತದೆ, ಬರೆಸಿದ ಬೆಲೆಯನ್ನೂ ಅದು ದಾಟದು. ನಷ್ಟವಾದರೆ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ವಿಮೆ ಅಂತ ದುಡ್ಡು ಕೇಳಿದರೆ ಪಾಲಿಸಿ ಕಾಗದ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರು ಕೊಡಲು ಕಂಪನಿಯ ಊರಿಗೆ ಅಲೆಯಬೇಕಿಲ್ಲ. ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗವೇ ಸಾಕು. ಗ್ರಾಹಕ ಸಹಾಯವಾಣಿ 1915. ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930.

ಇಷ್ಟೆಲ್ಲ ಇದ್ದೂ ಕೈಯಲ್ಲಿ ಕಾಗದ ಇಲ್ಲದವರಿಗೆ ಯಾವ ಕಾನೂನೂ ದಕ್ಕುವುದಿಲ್ಲ. ಬಿಲ್ಲಿಲ್ಲದೆ ಯೂನಿಟ್ಟಿನಿಂದ ಹಣವೂ ಬಾರದು. “ಬಿಲ್ಲು ಬೇಡ, ಇನ್ನೂರು ಕಡಿಮೆ ಮಾಡ್ತೇನೆ” ಅನ್ನುವ ಲಾರಿಯವರು ಫೌಜಿ ಮನೆಗೆ ಉಪಕಾರ ಮಾಡುತ್ತಿಲ್ಲ, ಸಾವಿರಾರು ರೂಪಾಯಿ ಕಳೆಯುತ್ತಿದ್ದಾರೆ. ಸುಳ್ಳು ಬಿಲ್ಲು ಬರೆದು ಕೊಡುವವರು ಜವಾನನ ನೌಕರಿಗೇ ಕುತ್ತು ತರುತ್ತಾರೆ.

ಜಿಲ್ಲಾಡಳಿತ ಮತ್ತು ಸೈನಿಕ ಕಲ್ಯಾಣ ಇಲಾಖೆ ಮಾಡಬೇಕಾದ್ದು ಬಹಳವಿಲ್ಲ. ನೋಂದಾಯಿತ ಸಾಗಣೆದಾರರ ಪಟ್ಟಿಯನ್ನು ಆರ್‌ಟಿಓದಿಂದ ತರಿಸಿ, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲಿ. ಲಾರಿ ಮಾಲೀಕರು ಕಿ.ಮೀ. ದರ ಬರೆದು ಹಾಕಲಿ. ಅಂಗಡಿ ಮುಂದೆ ಪರಿಚಯದ ಹೆಣ್ಣುಮಗಳು ಅಟ್ಟೆಪೆಟ್ಟಿಗೆ ಕೇಳಿಕೊಂಡು ಬಂದರೆ, ಅಂಗಡಿಯವರು ಪೆಟ್ಟಿಗೆಯ ಜೊತೆ ಒಂದು ಮಾತೂ ಕೊಡಲಿ: ರಸೀದಿ ಕೈಗೆ ಬಂದ ಮೇಲೇ ಲಾರಿ ಹೊರಡಲಿ, ತಾಯಿ.